ಆಪಲ್ ಖಾತೆಗೆ ಪೋಡಿ: ಮನೆಮಂದಿಯ ಒಂದೇ ಐಡಿಯನ್ನು ಬೇರೆ ಮಾಡಲು ಹೊರಟರೆ ಏನೇನಾಗುತ್ತದೆ

ಜಂಟಿ ಪಹಣಿ ಇಟ್ಟುಕೊಂಡ ಅಣ್ಣತಮ್ಮಂದಿರಿಗೆ ಉತ್ತು ಬಿತ್ತುವಷ್ಟು ದಿನ ತಕರಾರು ಇರುವುದಿಲ್ಲ. ಒಬ್ಬ ಸಾಲಕ್ಕೆಂದು ಬ್ಯಾಂಕಿಗೆ ಹೋದ ದಿನ ಪೋಡಿ ಆಗಿಲ್ಲ ಎಂಬುದು ಎದ್ದು ಕೂರುತ್ತದೆ. ಒಂದೇ ಆಪಲ್ ಐಡಿಯಲ್ಲಿ ಮೂರು ನಾಲ್ಕು ಐಫೋನ್ ನಡೆಸುವ ಮನೆಗಳ ಪಾಡೂ ಇದೇ. ಮಗ ಹೊಸ ಫೋನ್ ತೆಗೆದುಕೊಂಡ, ಹಳೆಯದು ಅಮ್ಮನ ಕೈಗೆ ಬಂತು, ಐಡಿ ಮಾತ್ರ ಮಗನದೇ ಉಳಿಯಿತು. ಆಮೇಲೆ ಸೊಸೆಯ ಐಪ್ಯಾಡೂ ಅದಕ್ಕೇ ಸೇರಿತು. ಈಗ ಅಮ್ಮ ತವರಿಗೆ ಮಾಡಿದ ಕರೆ ಮಗನ ಕಾಲ್ ಲಿಸ್ಟಿನಲ್ಲಿ ಕಾಣುತ್ತದೆ. ಒಬ್ಬರು ಜಾಗ ಖಾಲಿ ಮಾಡಲು ಅಳಿಸಿದ ಫೋಟೊ ಎಲ್ಲರ ಫೋನಿನಿಂದಲೂ ಹೋಗುತ್ತದೆ. ಆಪಲ್‌ನ ಆನ್‌ಲೈನ್ ಉಗ್ರಾಣವಾದ ಐಕ್ಲೌಡ್‌ನಲ್ಲಿ ಮೆಸೇಜಸ್ ಆನ್ ಇದ್ದರೆ ಬ್ಯಾಂಕಿನ ಒಟಿಪಿ ಕೂಡ ಊರೆಲ್ಲ ಸುತ್ತಿ ಬರುತ್ತದೆ. ಸಾಮಾನ್ಯವಾಗಿ ಜನ ಎಚ್ಚರಾಗುವುದು ಈ ಕೊನೆಯದು ಕಣ್ಣಿಗೆ ಬಿದ್ದಾಗ.

ಆಪಲ್ 2014ರಲ್ಲೇ, ಐಫೋನಿನ ತಂತ್ರಾಂಶ ಐಒಎಸ್ 8ರ ಜೊತೆಗೆ, ಫ್ಯಾಮಿಲಿ ಶೇರಿಂಗ್ ತಂದಿದೆ. ಆರು ಜನಕ್ಕೆ ಆರು ಬೇರೆ ಖಾತೆ, ಒಂದೇ ಗುಂಪು; ಐಕ್ಲೌಡ್ ಜಾಗ ಮತ್ತು ಕೊಂಡ ಆ್ಯಪ್‌ಗಳನ್ನು ಹಂಚಿಕೊಳ್ಳಬಹುದು. 2024ರಿಂದ ಐಡಿ ಎಂಬ ಹೆಸರು ಹೋಗಿ ಆಪಲ್ ಅಕೌಂಟ್ ಎಂದಾಗಿದೆ. ಬೇರೆಯಾದ ಮೇಲೆ ಇರಲು ಕಟ್ಟಿಕೊಟ್ಟಿರುವ ಮನೆ ಚೆನ್ನಾಗಿಯೇ ಇದೆ ಅನ್ನಿ. ಹಳೆ ಮನೆಯಿಂದ ಅಲ್ಲಿಗೆ ಸಾಮಾನು ಸಾಗಿಸುವ ದಾರಿಯನ್ನು ಮಾತ್ರ ಯಾರೂ ಹಾಕಿಲ್ಲ. 'ಈ ಖಾತೆಯನ್ನು ಎರಡು ಮಾಡು' ಎಂಬ ಬಟನ್ ಸೆಟ್ಟಿಂಗ್ಸ್‌ನಲ್ಲಿ ಎಲ್ಲಿ ಹುಡುಕಿದರೂ ಸಿಗದು. ಕೆಲಸ ಆಗುತ್ತದೆ, ಆದರೆ ಸರಿಯಾದ ಕ್ರಮದಲ್ಲಿ ಮಾಡಿದರೆ ಮಾತ್ರ. ಕ್ರಮ ತಪ್ಪಿದರೆ ನಷ್ಟ ನಿಮ್ಮೊಬ್ಬರದೇ ಆಗದೆ ಇಡೀ ಮನೆಯದಾಗುತ್ತದೆ.

ಮೊದಲು ತೀರ್ಮಾನ ಆಗಬೇಕಾದ್ದು ಹಳೆ ಖಾತೆ ಯಾರ ಪಾಲಿಗೆ ಎಂಬುದು. ಐಡಿಯಲ್ಲಿ ಯಾರ ಹೆಸರು, ಯಾರ ಜಿಮೇಲ್ ಇದೆ ಎಂದು ನೋಡಿ ನಿರ್ಧರಿಸುವವರೇ ಹೆಚ್ಚು. ಅದು ತಪ್ಪು, ಹೆಸರನ್ನೂ ಇಮೇಲನ್ನೂ ಆಮೇಲೆ ಬದಲಿಸಬಹುದು. ಬದಲಿಸಲಾಗದ್ದು ದುಡ್ಡು ಕೊಟ್ಟು ಕೊಂಡ ಆ್ಯಪ್, ಸಿನಿಮಾ, ಪುಸ್ತಕಗಳು. ಅವನ್ನು ಹೆಚ್ಚು ಬಳಸುವವರಿಗೆ ಹಳೆ ಖಾತೆ ಉಳಿಯಲಿ, ಉಳಿದವರು ಹೊಸದು ತೆರೆಯಲಿ. ಎರಡು ಆಪಲ್ ಖಾತೆಗಳನ್ನು ಒಂದು ಮಾಡುವ ವ್ಯವಸ್ಥೆ ಇಲ್ಲ, ಹಾಗಾಗಿ ಆಮೇಲೆ ಮನಸ್ಸು ಬದಲಾದರೆ ಹಿಂದಕ್ಕೆ ಬರಲಾಗದು.

ಹೊರಡುವವರ ಫೋನಿನಲ್ಲಿ ಸೈನ್ ಔಟ್ ಒತ್ತುವ ಮೊದಲು ಮಾಡಬೇಕಾದ ಕೆಲಸವೇ ಮುಕ್ಕಾಲು ಪಾಲು. ಅದರಲ್ಲೂ ಫೋಟೊ ಎಲ್ಲಕ್ಕಿಂತ ದೊಡ್ಡ ತಲೆನೋವು. 'ಆಪ್ಟಿಮೈಸ್ ಐಫೋನ್ ಸ್ಟೋರೇಜ್' ಆನ್ ಇರುವ ಫೋನಿನಲ್ಲಿ ಕಾಣುವುದು ಬಹುಪಾಲು ಸಣ್ಣ ನಕಲುಗಳು; ಅಸಲು ಐಕ್ಲೌಡ್‌ನಲ್ಲಿರುತ್ತದೆ. ಫೋನಿನಲ್ಲಿ ಜಾಗ ಸಾಕಷ್ಟಿದ್ದರೆ ಸೆಟ್ಟಿಂಗ್ಸ್‌ನ ಐಕ್ಲೌಡ್ ಫೋಟೋಸ್‌ಗೆ ಹೋಗಿ 'ಡೌನ್‌ಲೋಡ್ ಅಂಡ್ ಕೀಪ್ ಒರಿಜಿನಲ್ಸ್' ಆರಿಸಿ, ವೈಫೈ ಮತ್ತು ಚಾರ್ಜರ್‌ಗೆ ಹಾಕಿ ರಾತ್ರಿಯಿಡೀ ಬಿಡಿ. ಇಳಿದಿದೆ ಎಂದು ಖಾತ್ರಿಯಾದ ಮೇಲೆ ಐಕ್ಲೌಡ್ ಫೋಟೋಸ್ ಆಫ್ ಮಾಡಿ. ಫೋಟೊಗಳು ಫೋನಿನಲ್ಲೇ ನಿಲ್ಲುತ್ತವೆ, ಹೊಸ ಖಾತೆಗೆ ಸೈನ್ ಇನ್ ಆಗಿ ಮತ್ತೆ ಆನ್ ಮಾಡಿದಾಗ ಅಲ್ಲಿಗೆ ಏರುತ್ತವೆ. ಉಚಿತವಾಗಿ ಸಿಗುವ 5 ಜಿಬಿ ಇದಕ್ಕೆ ಯಾವ ಮೂಲೆಗೂ ಸಾಲದು. ಐಕ್ಲೌಡ್ ಪ್ಲಸ್ ಭಾರತದಲ್ಲಿ 50 ಜಿಬಿಗೆ ತಿಂಗಳಿಗೆ ₹75, 200 ಜಿಬಿಗೆ ₹219.

ಫೋನ್ 64 ಜಿಬಿಯದು, ಫೋಟೊ 90 ಜಿಬಿ ಇದೆ ಅಂದರೆ? ಹೆಚ್ಚಿನ ಮನೆಗಳಲ್ಲಿ ಸ್ಥಿತಿ ಇದೇ. ಆಗ ಮೇಲಿನ ದಾರಿ ಮುಚ್ಚಿತು. ಪ್ರೈವಸಿ ಡಾಟ್ ಆಪಲ್ ಡಾಟ್ ಕಾಮ್‌ಗೆ ಹಳೆ ಖಾತೆಯಿಂದ ಲಾಗಿನ್ ಆಗಿ ಫೋಟೊಗಳ ನಕಲನ್ನು ಗೂಗಲ್ ಫೋಟೋಸ್‌ಗೆ ಕಳಿಸುವಂತೆ ಕೇಳಬಹುದು. ಮೂರರಿಂದ ಏಳು ದಿನ ಹಿಡಿಯುತ್ತದೆ, ಅಸಲು ಇದ್ದಲ್ಲೇ ಇರುತ್ತದೆ. ಇದಕ್ಕಿಂತ ಒಳ್ಳೆಯ ದಾರಿ ಒಂದಿದೆ, ಆದರೆ ಅದನ್ನು ಬೇರೆಯಾಗುವ ಸಾಧನ ಎಂದು ಯಾರೂ ಗುರುತಿಸುವುದಿಲ್ಲ, ಏಕೆಂದರೆ ಅದರ ಹೆಸರಲ್ಲೇ ಹಂಚಿಕೆ ಇದೆ: 2022ರಲ್ಲಿ ಐಒಎಸ್ 16.1ರ ಜೊತೆ ಬಂದ ಐಕ್ಲೌಡ್ ಶೇರ್ಡ್ ಫೋಟೊ ಲೈಬ್ರರಿ. ಹಳೆ ಖಾತೆ ಉಳಿಸಿಕೊಂಡವರು ಇದನ್ನು ತೆರೆದು, ಬೇರೆಯಾಗುವವರ ಹೊಸ ಖಾತೆಯನ್ನು ಸೇರಿಸಬೇಕು. ಯಾವ ಫೋಟೊಗಳನ್ನು ಅದರೊಳಗೆ ಹಾಕಬೇಕು ಎನ್ನುವುದನ್ನು ಮುಖ ನೋಡಿ ಅಥವಾ ತಾರೀಖು ನೋಡಿ ಆರಿಸಬಹುದು. ಅಮ್ಮ ಇರುವ ಫೋಟೊ ಮಾತ್ರ, ಅಥವಾ ಮದುವೆಯಾದ ದಿನದಿಂದ ಈಚೆಯದು ಮಾತ್ರ, ಹೀಗೆ. ಪಾಲಿಗೆ ಮೊದಲು ಪಾತ್ರೆಗಳನ್ನೆಲ್ಲ ಹಜಾರಕ್ಕೆ ತಂದು ಹರವಿದ ಹಾಗೆ. ಏಳು ದಿನ ದಾಟಿದ ಮೇಲೆ ಹೊಸ ಖಾತೆಯವರು ಲೈಬ್ರರಿ ಬಿಟ್ಟು ಹೊರಬರುವಾಗ ಎಲ್ಲವನ್ನೂ ಇಟ್ಟುಕೊಳ್ಳುವ ಆಯ್ಕೆ ಸಿಗುತ್ತದೆ. ಏಳು ದಿನಕ್ಕೆ ಮೊದಲೇ ಹೊರಬಿದ್ದರೆ ತಾವು ಹಾಕಿದ್ದು ಮಾತ್ರ. ಲೈಬ್ರರಿ ಇರುವಷ್ಟು ಕಾಲ ಜಾಗ ಹೋಗುವುದು ತೆರೆದವರ ಲೆಕ್ಕದಲ್ಲಿ. ಹೊರಬಂದ ಮೇಲೆ ನಿಮ್ಮ ಲೆಕ್ಕದಲ್ಲಿ. ಅಷ್ಟು ಜಾಗವನ್ನು ಮೊದಲೇ ಕೊಂಡಿಟ್ಟುಕೊಳ್ಳಿ.

ನೋಟ್ಸ್ ಬಗ್ಗೆ ಹುಷಾರಾಗಿರಿ. ಐಕ್ಲೌಡ್‌ನಲ್ಲಿರುವ ನೋಟ್ಸ್ ಸೈನ್ ಔಟ್ ಆದಾಗ ಫೋನಿನಲ್ಲಿ ಉಳಿಯುತ್ತದೆ ಎಂದು ನಂಬಿ ಕೂರಬಾರದು. ನೋಟ್ಸ್ ಸೆಟ್ಟಿಂಗ್ಸ್‌ನಲ್ಲಿ 'ಆನ್ ಮೈ ಐಫೋನ್' ಅಕೌಂಟ್ ಆನ್ ಮಾಡಿ, ಬೇಕಾದವನ್ನು ಆ ಫೋಲ್ಡರಿಗೆ ಸರಿಸಿ. ಹಾಲಿನ ಲೆಕ್ಕ, ಚೀಟಿ ಲೆಕ್ಕವೆಲ್ಲ ಅಲ್ಲೇ ಬರೆದಿಡುವವರು ಇದನ್ನು ಮರೆತರೆ ಮೇಲೆ ಹೇಳಿದ ಯಾವ ಜಾಣತನವೂ ಉಪಯೋಗಕ್ಕೆ ಬರದು. ಐಕ್ಲೌಡ್ ಮೆಸೇಜಸ್ ಆಫ್ ಮಾಡುವಾಗ ಮೆಸೇಜ್‌ಗಳನ್ನು ಡೌನ್‌ಲೋಡ್ ಮಾಡಿಕೊಳ್ಳುವ ಆಯ್ಕೆ ಕೇಳುತ್ತದೆ, ಅದನ್ನೇ ಒತ್ತಿ. ಆಪಲ್ ವಾಚ್ ಇದ್ದರೆ ಮೊದಲೇ ಅನ್‌ಪೇರ್ ಮಾಡಿ. ಅನ್‌ಪೇರ್ ಆಗುವಾಗ ವಾಚಿನ ಬ್ಯಾಕಪ್ ಫೋನಿನಲ್ಲಿ ತಾನಾಗಿ ಕೂರುತ್ತದೆ. ವಸ್ತು ಎಲ್ಲಿದೆ ಎಂದು ತೋರಿಸುವ ಬಿಲ್ಲೆಯಾದ ಏರ್‌ಟ್ಯಾಗ್ ಅನ್ನು ಫೈಂಡ್ ಮೈ ಆ್ಯಪ್‌ನಿಂದ ತೆಗೆಯದೆ ಹೊಸ ಖಾತೆಗೆ ಸೇರಿಸಲು ಬರುವುದಿಲ್ಲ. ಮನೆಯ ಕಾರಿನ ಕೀಲಿಗೆ ಕಟ್ಟಿದ ಏರ್‌ಟ್ಯಾಗ್ ಎಲ್ಲರಿಗೂ ಬೇಕು ಅಂದರೆ, ಐಒಎಸ್ 17ರಿಂದ ಅದನ್ನು ಬೇರೆ ಖಾತೆಯ ಐದು ಜನರ ಜೊತೆ ಹಂಚಿಕೊಳ್ಳಬಹುದು.

ಇನ್ನೊಂದು ಮೂಲೆಯನ್ನು ತಿಳಿದವರೂ ನೋಡುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಹೆಸರು ಒತ್ತಿದರೆ 'ಸೈನ್ ಇನ್ ವಿತ್ ಆಪಲ್' ಪಟ್ಟಿ ಸಿಗುತ್ತದೆ. ಊಟ ತರಿಸುವ ಆ್ಯಪ್, ಟ್ಯಾಕ್ಸಿ ಆ್ಯಪ್, ಓದುವ ಆ್ಯಪ್ ಏನೇನಕ್ಕೆ ಹಾಗೆ ಲಾಗಿನ್ ಆಗಿದ್ದೀರೋ ಅದೆಲ್ಲ ಹಳೆ ಖಾತೆಗೇ ಕಟ್ಟಿಕೊಂಡಿರುತ್ತದೆ. ಇಮೇಲ್ ಮರೆಮಾಡುವ ಆಯ್ಕೆ ಕೊಟ್ಟಿದ್ದರೆ ಆ ಆ್ಯಪ್‌ಗಳ ಪತ್ರಗಳೂ ಹಳೆ ಖಾತೆಯ ವಿಳಾಸಕ್ಕೇ ಹೋಗುತ್ತವೆ. ಒಂದೊಂದಕ್ಕೂ ಹೋಗಿ ನಿಮ್ಮ ಸ್ವಂತ ಮೊಬೈಲ್ ನಂಬರ್ ಅಥವಾ ಇಮೇಲ್ ಸೇರಿಸಿ ಬರಬೇಕು. ಬೇಸರದ ಕೆಲಸ, ಬೇರೆ ಉಪಾಯ ಇಲ್ಲ.

ಇಷ್ಟಾದ ಮೇಲೆ ಸಾಧ್ಯವಿದ್ದರೆ ಕಂಪ್ಯೂಟರಿಗೆ ಕೇಬಲ್ ಹಾಕಿ ಒಂದು ಎನ್‌ಕ್ರಿಪ್ಟೆಡ್, ಅಂದರೆ ಪಾಸ್‌ವರ್ಡಿನ ಬೀಗ ಇರುವ, ಬ್ಯಾಕಪ್ ತೆಗೆಯಿರಿ. ಎನ್‌ಕ್ರಿಪ್ಟ್ ಮಾಡದ ಬ್ಯಾಕಪ್‌ನಲ್ಲಿ ಪಾಸ್‌ವರ್ಡ್‌ಗಳೂ ಹೆಲ್ತ್ ಮಾಹಿತಿಯೂ ಸೇರುವುದಿಲ್ಲ.

ಸೈನ್ ಔಟ್ ಒತ್ತಿದ ಕೂಡಲೇ ಹಳೆ ಖಾತೆಯ ಪಾಸ್‌ವರ್ಡ್ ಕೇಳುತ್ತದೆ. ಫೈಂಡ್ ಮೈ ಆಫ್ ಮಾಡಲು ಅದು ಬೇಕೇ ಬೇಕು. ಕದ್ದ ಫೋನನ್ನು ಬೇರೆಯವರು ಬಳಸದಂತೆ ತಡೆಯುವ ಆಕ್ಟಿವೇಶನ್ ಲಾಕ್ ಇರುವುದೇ ಇದಕ್ಕೆ. ಪಾಸ್‌ವರ್ಡ್ ಗೊತ್ತಿರುವವರು ಪಕ್ಕದಲ್ಲಿ ಇರುವಾಗಲೇ ಕೂತು ಮಾಡಿ. ಆಮೇಲೆ ಬರುವ ಪರದೆಯಲ್ಲಿ ಒಂದರ ಕೆಳಗೊಂದು ಸಾಲು: ಕಾಂಟ್ಯಾಕ್ಟ್ಸ್, ಕೀಚೈನ್, ಸಫಾರಿ, ಹೆಲ್ತ್, ಹೀಗೆ, ಪ್ರತಿಯೊಂದರ ಎದುರು ಒಂದು ಸ್ವಿಚ್. ಐಒಎಸ್ ಆವೃತ್ತಿಯ ಮೇಲೆ ಪಟ್ಟಿ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಎಲ್ಲ ಸ್ವಿಚ್‌ಗಳೂ ಆಫ್ ಇರುತ್ತವೆ. ಓದದೆ ಮುಂದೆ ಒತ್ತಿದರೆ ಕಾಂಟ್ಯಾಕ್ಟ್ಸ್ ಖಾಲಿ ಇರುವ ಫೋನ್ ಕೈಗೆ ಬರುತ್ತದೆ. ಅಪಾಯದ ಆಯ್ಕೆಯನ್ನೇ ಮೊದಲಿಗೆ ಇಟ್ಟಿರುವುದು ಆಪಲ್‌ನಂಥವರು ಮಾಡಬಾರದ ಕೆಲಸ. ಎಲ್ಲವನ್ನೂ ಆನ್ ಮಾಡಿ. ಕೀಚೈನ್ ಆನ್ ಮಾಡಿದರೆ ಮನೆಯವರೆಲ್ಲರ ಪಾಸ್‌ವರ್ಡ್‌ಗಳೂ ಜೊತೆಗೆ ಬರುತ್ತವೆ ಎಂಬುದು ನೆನಪಿರಲಿ.

ಸೈನ್ ಔಟ್ ಬಟನ್ ಮಾಸಲಾಗಿ ಕಂಡು ಒತ್ತಲು ಬಾರದಿದ್ದರೆ ಹತ್ತರಲ್ಲಿ ಒಂಬತ್ತು ಸಲ ಸ್ಕ್ರೀನ್ ಟೈಮ್ ಕಾರಣ. ಅದರ ನಿರ್ಬಂಧಗಳಲ್ಲಿ ಅಕೌಂಟ್ ಬದಲಾವಣೆಗೆ ಅನುಮತಿ ಕೊಟ್ಟರೆ ಸರಿಹೋಗುತ್ತದೆ. ಐಒಎಸ್ 17.3ರಲ್ಲಿ ಬಂದ ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್ ಆನ್ ಇದ್ದು ನೀವು ಮನೆ ಆಫೀಸು ಬಿಟ್ಟು ಬೇರೆಡೆ ಇದ್ದರೆ ಒಂದು ಗಂಟೆ ಕಾಯಿಸುತ್ತದೆ. ಮದುವೆ ಮನೆಯಲ್ಲಿ ಎಲ್ಲರೂ ಸೇರಿದ್ದಾರೆ, ಈಗಲೇ ಮುಗಿಸೋಣ ಎಂದು ಹೊರಟವರಿಗೆ ಅಡ್ಡ ಬರುವುದು ಇದೇ.

ಹೊಸ ಖಾತೆಗೆ ಸೈನ್ ಇನ್ ಆದಾಗ, ಫೋನಿನಲ್ಲಿ ಉಳಿಸಿಕೊಂಡ ಕಾಂಟ್ಯಾಕ್ಟ್ಸನ್ನು ಐಕ್ಲೌಡ್ ಜೊತೆ ಸೇರಿಸಲೇ ಎಂದು ಕೇಳುತ್ತದೆ. ಸೇರಿಸಿ. ಅಪ್ಪನ ಎಲ್‌ಐಸಿ ಏಜೆಂಟರಿಂದ ಹಿಡಿದು ಮಗನ ಆಫೀಸಿನ ಮ್ಯಾನೇಜರ್‌ವರೆಗೆ ಎಲ್ಲರ ನಂಬರೂ ಬಂದಿರುತ್ತದೆ, ಬೇಡದ್ದನ್ನು ತೆಗೆಯಬೇಕು. ಅತಿ ದೊಡ್ಡ ಅನಾಹುತ ಆಗುವುದು ಇಲ್ಲೇ. ಜನ ಈ ಶುಚಿ ಕೆಲಸವನ್ನು ಸೈನ್ ಔಟ್‌ಗೆ ಮೊದಲು ಮಾಡುತ್ತಾರೆ, 'ನನ್ನ ಫೋನಿನಲ್ಲಿ ತಾನೇ ಅಳಿಸುತ್ತಿರುವುದು' ಎಂದುಕೊಂಡು. ಹಳೆ ಖಾತೆಯಲ್ಲಿ ಇರುವಷ್ಟು ಹೊತ್ತು ಒಂದು ಫೋನಿನಲ್ಲಿ ಅಳಿಸಿದ್ದು ಎಲ್ಲ ಫೋನಿನಲ್ಲೂ ಅಳಿದ ಹಾಗೆ. ಹಾಗೆ ಆಗಿಹೋಗಿದ್ದರೆ ಗಾಬರಿ ಬೇಡ: ಹಳೆ ಖಾತೆಯಿಂದ ಕಂಪ್ಯೂಟರಿನಲ್ಲಿ ಐಕ್ಲೌಡ್ ಡಾಟ್ ಕಾಮ್‌ಗೆ ಹೋದರೆ 'ಡೇಟಾ ರಿಕವರಿ'ಯಲ್ಲಿ ಕಾಂಟ್ಯಾಕ್ಟ್ಸ್‌ನ ಹಿಂದಿನ ಪ್ರತಿಗಳು ಇರುತ್ತವೆ. ಫೋಟೊಗಳಾದರೆ 'ರೀಸೆಂಟ್ಲಿ ಡಿಲೀಟೆಡ್'ನಲ್ಲಿ 30 ದಿನ ಇರುತ್ತವೆ. ಸೈನ್ ಔಟ್ ಆದ ಮೇಲೆ ನಿರಾತಂಕವಾಗಿ ಅಳಿಸಿ. ಐಒಎಸ್ 16ರಿಂದ ಎರಡು ಬೆರಳಲ್ಲಿ ಎಳೆದು ಹಲವು ಹೆಸರುಗಳನ್ನು ಒಟ್ಟಿಗೆ ಆರಿಸಬಹುದು.

ಮೆಸೇಜಸ್‌ನ 'ಸೆಂಡ್ ಅಂಡ್ ರಿಸೀವ್'ನಲ್ಲಿ ನಿಮ್ಮ ನಂಬರ್ ಮತ್ತು ನಿಮ್ಮ ಇಮೇಲ್‌ಗೆ ಮಾತ್ರ ಟಿಕ್ ಇರಲಿ. ಫೇಸ್‌ಟೈಮ್‌ಗೂ ಅಷ್ಟೇ. ಹಳೆ ಖಾತೆಯವರ ಫೋನಿನಲ್ಲೂ ಇದನ್ನು ನೋಡಬೇಕು. ಐಮೆಸೇಜ್ ಹೊಸದಾಗಿ ಆಕ್ಟಿವೇಟ್ ಆಗುವಾಗ ಫೋನ್ ಸದ್ದಿಲ್ಲದೆ ಹೊರದೇಶದ ನಂಬರಿಗೆ ಒಂದು ಎಸ್‌ಎಂಎಸ್ ಕಳಿಸುತ್ತದೆ. ಪ್ಯಾಕಿನ ಉಚಿತ ಎಸ್‌ಎಂಎಸ್ ಅದಕ್ಕೆ ಅನ್ವಯಿಸದಿರಬಹುದು. ಪ್ರೀಪೇಯ್ಡ್ ಸಿಮ್ಮಿನ ಮುಖ್ಯ ಬ್ಯಾಲೆನ್ಸಿನಲ್ಲಿ ಹತ್ತು ರೂಪಾಯಿಯೂ ಇಲ್ಲದಿದ್ದರೆ 'ವೇಟಿಂಗ್ ಫಾರ್ ಆಕ್ಟಿವೇಶನ್' ಎಂದು ನಿಂತುಬಿಡಬಹುದು. ಸಣ್ಣದೊಂದು ಟಾಪ್ ಅಪ್ ಹಾಕಿಸಿ, 24 ಗಂಟೆವರೆಗೆ ಸಮಯ ಕೊಡಿ.

ವಾಟ್ಸ್‌ಆ್ಯಪ್ ವಿಷಯಕ್ಕೆ ಬಂದರೆ, ಸೈನ್ ಔಟ್ ಆದ ಮಾತ್ರಕ್ಕೆ ಫೋನಿನಲ್ಲಿರುವ ಚಾಟ್ ಎಲ್ಲೂ ಹೋಗುವುದಿಲ್ಲ. ಹೋಗುವುದು ನೀವೇ ಕಳೆದುಕೊಂಡಾಗ. ಆಗುವುದು ಹೀಗೆ: ಕೆಲವು ದಿನದ ಮೇಲೆ ವಾಟ್ಸ್‌ಆ್ಯಪ್ ಅಪ್‌ಡೇಟ್ ಕೇಳುತ್ತದೆ, ಅಪ್‌ಡೇಟ್ ಒತ್ತಿದರೆ ಹಳೆ ಐಡಿಯ ಪಾಸ್‌ವರ್ಡ್ ಕೇಳುತ್ತದೆ, ಏಕೆಂದರೆ ಆ್ಯಪ್ ಇಳಿಸಿದ್ದು ಆ ಐಡಿಯಿಂದ. ಕಿರಿಕಿರಿ ಆಗಿ ಆ್ಯಪ್ ಅಳಿಸಿ ಹೊಸ ಐಡಿಯಿಂದ ಮತ್ತೆ ಇಳಿಸುತ್ತಾರೆ. ಬ್ಯಾಕಪ್ ಇರುವುದು ಹಳೆ ಐಕ್ಲೌಡ್‌ನಲ್ಲಿ. ರಿಸ್ಟೋರ್ ಆಗಲು ಅದೇ ಫೋನ್ ನಂಬರ್ ಮತ್ತು ಅದೇ ಆಪಲ್ ಖಾತೆ ಎರಡೂ ಬೇಕು. ಚಾಟ್ ಹೋಯಿತು. ಹೀಗಾಗದಿರಲು ಹೊಸ ಖಾತೆಗೆ ಸೈನ್ ಇನ್ ಆದ ದಿನವೇ ಐಕ್ಲೌಡ್ ಡ್ರೈವ್ ಆನ್ ಇದೆಯೇ ನೋಡಿ, ವಾಟ್ಸ್‌ಆ್ಯಪ್‌ನ ಚಾಟ್ ಬ್ಯಾಕಪ್‌ನಲ್ಲಿ 'ಬ್ಯಾಕಪ್ ನೌ' ಒತ್ತಿ, ಪೂರ್ತಿ ಮುಗಿದು ಇಂದಿನ ತಾರೀಖು ಬೀಳುವವರೆಗೆ ಕಾಯಿರಿ. ಆಮೇಲೆ ಬೇಕಾದರೆ ಅಳಿಸಿ ಮತ್ತೆ ಹಾಕಿಕೊಳ್ಳಿ.

ಈಗ ಕೊಂಡ ಆ್ಯಪ್‌ಗಳ ಗತಿ. 2025ರ ಫೆಬ್ರವರಿಯಲ್ಲಿ ಆಪಲ್ ಒಂದು ಖಾತೆಯ ಖರೀದಿಗಳನ್ನು ಇನ್ನೊಂದಕ್ಕೆ ವರ್ಗಾಯಿಸುವ ಸೌಲಭ್ಯ ತಂದಿತು. ಖುಷಿಪಡುವ ಮೊದಲು ಕೇಳಿ: ಯುರೋಪಿಯನ್ ಒಕ್ಕೂಟ, ಬ್ರಿಟನ್ ಮತ್ತು ಭಾರತವನ್ನು ಬಿಟ್ಟು ತಂದಿತು. ಸಾಲದ್ದಕ್ಕೆ ಅದು ಒಬ್ಬರದೇ ಎರಡು ಖಾತೆಗಳ ಖರೀದಿಗಳನ್ನು ಕೂಡಿಸುವುದಕ್ಕೆ ಇರುವುದು, ಇಬ್ಬರು ಪಾಲು ಮಾಡಿಕೊಳ್ಳುವುದಕ್ಕಲ್ಲ. ನಮಗೆ ಉಳಿಯುವುದು ಎರಡು ದಾರಿ. ಐಕ್ಲೌಡ್‌ಗೆ ಹೊಸ ಖಾತೆ, 'ಮೀಡಿಯಾ ಅಂಡ್ ಪರ್ಚೇಸಸ್'ಗೆ ಮಾತ್ರ ಹಳೆ ಖಾತೆ ಇಟ್ಟುಕೊಳ್ಳಬಹುದು. ಆಪಲ್ ಇದನ್ನು ಒಪ್ಪುತ್ತದೆ, ಒಟಿಪಿ ಫೋಟೊ ಕಾಲ್ ಲಿಸ್ಟ್ ಯಾವುದೂ ಕಲಸುವುದಿಲ್ಲ. ಆದರೆ ಪ್ರತಿ ಖರೀದಿಯೂ ಹಳೆ ಖಾತೆಯವರ ಯುಪಿಐಗೇ ಬೀಳುತ್ತದೆ. ವರ್ಷದ ಚಂದಾ ಮುಗಿಯುವವರೆಗೆ ತಾತ್ಕಾಲಿಕವಾಗಿ ಸರಿ, ಶಾಶ್ವತಕ್ಕಲ್ಲ.

ಇದಕ್ಕಿಂತ ಅಚ್ಚುಕಟ್ಟಾದದ್ದು ಫ್ಯಾಮಿಲಿ ಶೇರಿಂಗ್. ಹಳೆ ಖಾತೆಯವರು ಫ್ಯಾಮಿಲಿ ತೆರೆದು ಹೊಸ ಖಾತೆಗಳನ್ನು ಆಹ್ವಾನಿಸಿ, ಖರೀದಿ ಹಂಚಿಕೆ ಆನ್ ಮಾಡಲಿ. ಹೊಸ ಖಾತೆಯವರು ಆ್ಯಪ್ ಸ್ಟೋರ್‌ನಲ್ಲಿ ತಮ್ಮ ಚಿತ್ರ ಒತ್ತಿ, ಕೊಂಡವುಗಳ ಪಟ್ಟಿಯಲ್ಲಿ ಹಳೆ ಖಾತೆಯವರ ಹೆಸರಿನ ಕೆಳಗಿಂದ ಆ್ಯಪ್‌ಗಳನ್ನು ಮತ್ತೆ ಇಳಿಸಿಕೊಳ್ಳಬಹುದು. ಎಲ್ಲವೂ ಬರುವುದಿಲ್ಲ: ಆ್ಯಪ್‌ನವರು ಹಂಚಿಕೆಗೆ ಒಪ್ಪಿರಬೇಕು, ಗೇಮಿನಲ್ಲಿ ಕೊಂಡ ನಾಣ್ಯ ರತ್ನಗಳು ಬರುವುದೇ ಇಲ್ಲ. ಖರೀದಿ ಹಂಚಿಕೆ ಆನ್ ಇರುವಷ್ಟು ಕಾಲ ಎಲ್ಲರ ಬಿಲ್ಲೂ ಫ್ಯಾಮಿಲಿ ತೆರೆದವರ ಮೇಲೆ ಬೀಳಬಹುದು ಎಂಬುದನ್ನು ಮೊದಲೇ ಮಾತಾಡಿಕೊಂಡಿರಿ. ಐಕ್ಲೌಡ್ ಜಾಗ ಹಂಚಿಕೊಂಡರೂ ಒಬ್ಬರ ಫೋಟೊ ಇನ್ನೊಬ್ಬರಿಗೆ ಕಾಣದು. 200 ಜಿಬಿಯನ್ನು ನಾಲ್ವರು ಹಂಚಿಕೊಂಡರೆ ತಲಾ ₹55ಕ್ಕಿಂತ ಕಡಿಮೆ, ಇದು ಲಾಭದ್ದೇ.

ಇದರಲ್ಲಿ ಮೂರು ಗಂಟುಗಳಿವೆ. ಒಬ್ಬರು ಒಂದು ಸಲಕ್ಕೆ ಒಂದೇ ಫ್ಯಾಮಿಲಿಯಲ್ಲಿ ಇರಬಹುದು, ಬೇರೆ ಫ್ಯಾಮಿಲಿಗೆ ಹೋಗುವುದು ವರ್ಷಕ್ಕೆ ಒಂದೇ ಸಲ. ಮದುವೆಯಾಗಿ ಹೋಗುವ ಮಗಳನ್ನು ಎರಡು ತಿಂಗಳ ಮಟ್ಟಿಗೆ ತವರಿನ ಫ್ಯಾಮಿಲಿಗೆ ಸೇರಿಸುವ ಮೊದಲು ಯೋಚಿಸಿ. ತೆರೆದವರ ಸ್ಥಾನವನ್ನು ಇನ್ನೊಬ್ಬರಿಗೆ ವಹಿಸಿಕೊಡಲು ಬರುವುದಿಲ್ಲ; ಬಿಡಬೇಕೆಂದರೆ ಇಡೀ ಫ್ಯಾಮಿಲಿ ಮುಚ್ಚಿ ಬೇರೆಯವರು ಹೊಸದಾಗಿ ತೆರೆಯಬೇಕು. ಫ್ಯಾಮಿಲಿಯಿಂದ ಹೊರಬಿದ್ದ ದಿನ ಹಂಚಿಕೊಂಡಿದ್ದ ಆ್ಯಪ್‌ಗಳು ತೆರೆಯುವುದಿಲ್ಲ. ನಿಮ್ಮ ಫೋಟೊ 5 ಜಿಬಿ ಮೀರಿದ್ದರೆ ಜಾಗ ಕೊಳ್ಳುವವರೆಗೆ ಬ್ಯಾಕಪ್ಪೂ ನಿಲ್ಲುತ್ತದೆ, ಐಕ್ಲೌಡ್ ವಿಳಾಸಕ್ಕೆ ಇಮೇಲೂ ಬರುವುದಿಲ್ಲ.

ಇದೇ ಕೆಲಸ ಆಂಡ್ರಾಯ್ಡ್‌ನಲ್ಲಿ ಎಷ್ಟೋ ಸಲೀಸು. ಒಂದು ಫೋನಿನಲ್ಲಿ ಎರಡು ಗೂಗಲ್ ಖಾತೆ ಒಟ್ಟಿಗೆ ಕೂರುತ್ತವೆ. ಹಳೆ ಜಿಮೇಲ್ ಅನ್ನು ತೆಗೆಯದೆ ಅದರ ಸಿಂಕ್ ಸ್ವಿಚ್‌ಗಳನ್ನೆಲ್ಲ ಆಫ್ ಮಾಡಿಟ್ಟರೆ ಪ್ಲೇ ಸ್ಟೋರ್‌ನಲ್ಲಿ ಕೊಂಡ ಆ್ಯಪ್‌ಗಳು ನಡೆಯುತ್ತಲೇ ಇರುತ್ತವೆ. ಕಾಂಟ್ಯಾಕ್ಟ್ಸ್ ಆ್ಯಪ್‌ನಲ್ಲಿ ಹೆಸರುಗಳನ್ನು ಇನ್ನೊಂದು ಖಾತೆಗೆ ಸರಿಸಬಹುದು. ಫೋಟೊಗಳಿಗೆ ಪಾರ್ಟ್ನರ್ ಶೇರಿಂಗ್ ಇದೆ. ಮುಖ ಆರಿಸಿದರೆ ಅವರ ಫೋಟೊಗಳು ತಾವೇ ಹೊಸ ಖಾತೆಗೆ ಉಳಿಯುತ್ತವೆ, 15 ಜಿಬಿ ಉಚಿತ ಲೆಕ್ಕದಲ್ಲಿ. ವಾಟ್ಸ್‌ಆ್ಯಪ್ ಬ್ಯಾಕಪ್ ಯಾವ ಗೂಗಲ್ ಖಾತೆಗೆ ಹೋಗಬೇಕು ಎಂಬುದನ್ನು ಆ್ಯಪ್‌ನೊಳಗೇ ಬದಲಿಸಬಹುದು. ಫ್ಯಾಮಿಲಿ ಗುಂಪಿನ ಆರು ಜನದ ಮಿತಿ, 12 ತಿಂಗಳಿಗೊಮ್ಮೆ ಬದಲಾವಣೆ ಎಂಬ ಕಟ್ಟು ಅಲ್ಲೂ ಇದೆ. ನೆಟ್‌ಫ್ಲಿಕ್ಸ್ ಅಂತೂ 2022ರಲ್ಲೇ ಪ್ರೊಫೈಲ್ ವರ್ಗಾವಣೆ ತಂದಿದೆ: ನೋಡಿದ್ದರ ಪಟ್ಟಿ ಸಮೇತ ಒಬ್ಬರ ಪ್ರೊಫೈಲನ್ನು ಹೊಸ ಖಾತೆಗೆ ಎತ್ತಿಡಬಹುದು. ಸಿನಿಮಾ ತೋರಿಸುವವರಿಗೆ ಹೊಳೆದ ಬಟನ್ ಫೋನ್ ಮಾಡುವವರಿಗೆ ಹೊಳೆದಿಲ್ಲ.

ಎಲ್ಲರೂ ಹೊರಟ ಮೇಲೆ ಹಳೆ ಖಾತೆ ಉಳಿಸಿಕೊಂಡವರು ಅದನ್ನು ಹಾಗೇ ಬಿಡಬಾರದು. ಪಾಸ್‌ವರ್ಡ್ ಬದಲಿಸಿ. ಟ್ರಸ್ಟೆಡ್ ಫೋನ್ ನಂಬರ್‌ಗಳಲ್ಲಿ ಹೊರಟವರ ನಂಬರ್ ತೆಗೆಯಿರಿ, ಇಲ್ಲವಾದರೆ ಲಾಗಿನ್ ಕೋಡ್ ಇನ್ನೂ ಅವರಿಗೇ ಹೋಗುತ್ತಿರುತ್ತದೆ. ಇಬ್ಬರಿಗೂ ಬೇಡವಾದ ಖಾತೆ ಎಂದು ಅಳಿಸಲು ಹೋಗಬೇಡಿ. ಅಳಿಸಿದರೆ ಕೊಂಡದ್ದೆಲ್ಲ ಅದರ ಜೊತೆಗೇ ಹೋಗುತ್ತದೆ, ಮರಳಿ ಬರುವುದಿಲ್ಲ. ಕೊನೆಗೆ ಸೆಟ್ಟಿಂಗ್ಸ್‌ನಲ್ಲಿ ಹೆಸರು ಒತ್ತಿ ಕೆಳಗೆ ಸರಿಸಿದರೆ ಕಾಣುವ ಸಾಧನಗಳ ಪಟ್ಟಿ ನೋಡಿ. ಹೊರಟವರ ಫೋನುಗಳು ಅಲ್ಲಿ ಇರಬಾರದು. ಗುರುತು ಸಿಗದ ಹೆಸರೊಂದು ಇನ್ನೂ ಉಳಿದಿದ್ದರೆ ಅದು ಕಪಾಟಿನಲ್ಲಿ ಚಾರ್ಜ್ ಇಲ್ಲದೆ ಮಲಗಿರುವ ಹಳೆ ಐಪ್ಯಾಡ್ ಇರಬಹುದು. ಹುಡುಕಿ ತೆಗೆದು, ಚಾರ್ಜ್‌ಗೆ ಹಾಕಿ, ಅದರಲ್ಲೂ ಸೈನ್ ಔಟ್ ಮಾಡಿ.